ಮೀಟರ್‌ಗೇಜ್ ರಾಯರ ನಂಜನಗೂಡು ಲೈನಿಗೆ ಒಂದು ಕೋಣೆ ಕೊಡಿ

ಗೆ,
ವಿಭಾಗೀಯ ರೈಲ್ವೆ ವ್ಯವಸ್ಥಾಪಕರು,
ನೈಋತ್ಯ ರೈಲ್ವೆ, ಮೈಸೂರು ವಿಭಾಗ;
ಹಾಗೂ ಮೈಸೂರು, ಮಂಡ್ಯ, ನಂಜನಗೂಡು ಸೀಮೆಯ ಎಲ್ಲ ರೈಲು ಪ್ರಿಯರಿಗೆ

ಮಾನ್ಯರೇ,

ಚಾಮರಾಜಪುರಂ ಸ್ಟೇಷನ್ನಿಗೆ ಹತ್ತಿರದ ಒಂದು ಬಾಡಿಗೆ ಮನೆಯ ನಡುಮನೆಯಲ್ಲಿ ಮೈಸೂರು–ನಂಜನಗೂಡು ಮೀಟರ್‌ಗೇಜ್ ಲೈನು, ಅಂದರೆ ಹಳಿಗಳ ನಡುವೆ ಒಂದು ಮೀಟರ್ ಅಂತರವಿದ್ದ ಹಳೇ ರೈಲು ದಾರಿ, ಇನ್ನೂ ಇದೆ. ನಿಜದ ಲೈನು ಅದಕ್ಕಿಂತ ಅಗಲದ ಬ್ರಾಡ್‌ಗೇಜಾಗಿ 2008ರ ಹೊತ್ತಿಗೆ ಬೇರೆಯೇ ರೈಲುಗಳನ್ನು ಹೊರತೊಡಗಿತು. ಇದು ಅದರ 87ರಲ್ಲಿ ಒಂದು ಪಾಲಿನ ಮಾದರಿ. ಕಟ್ಟಿದವರು ಈ ಸಲ ಯುಗಾದಿ ಕಳೆಯುತ್ತಿದ್ದಂತೆ ತೀರಿಕೊಂಡರು. ಮನೆಯ ಮಾಲೀಕರು ಹಳೇ ಕಟ್ಟಡ ಕೆಡವಿ ಹೊಸದು ಎಬ್ಬಿಸುವವರಿದ್ದಾರೆ. ಒಳ್ಳೆಯ ಜನ, ಆಯುಧಪೂಜೆ ಮುಗಿಯುವ ತನಕ ಇರಲಿ ಬಿಡಿ ಎಂದಿದ್ದಾರೆ. ಅಷ್ಟರೊಳಗೆ ಈ ಲೈನಿಗೊಂದು ಜಾಗ ಆಗಬೇಕು. ಕೃಷ್ಣರಾಜಸಾಗರ ರಸ್ತೆಯಲ್ಲಿರುವ ನಿಮ್ಮ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಒಂದು ಕೋಣೆ ಕೊಡಿ, ವಾರಕ್ಕೊಂದು ದಿನ ನಾವೇ ಬಂದು ಓಡಿಸಲು ಅನುಮತಿ ಕೊಡಿ ಎಂದು ಕೇಳುವುದಕ್ಕೆ ಈ ಪತ್ರ.

ಕಚೇರಿಗೆ ಬೇರೆಯಾಗಿ ಅರ್ಜಿ ಕೊಟ್ಟಿದ್ದೇವೆ. ಅರ್ಜಿಯಲ್ಲಿ ಉದ್ದ, ಅಗಲ, ವೋಲ್ಟೇಜು ಬರೆದಿದ್ದೇವೆ. ಮನುಷ್ಯ ಎಂಥವರು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ರೈಲ್ವೆಯಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಕೆಇಬಿಯಲ್ಲಿ ಮೀಟರ್ ಪರೀಕ್ಷೆ ಮಾಡುವ ವಿಭಾಗದಲ್ಲಿದ್ದು ನಿವೃತ್ತರಾದವರು. ಹಗಲೆಲ್ಲ ಮೀಟರು, ರಾತ್ರಿಯೆಲ್ಲ ಮೀಟರ್‌ಗೇಜು. ನಮ್ಮ ಬಳಗದಲ್ಲಿ ಅವರಿಗೆ ಮೀಟರ್‌ಗೇಜ್ ರಾಯರು ಎಂಬ ಹೆಸರು ತಾನಾಗಿ ಬಂತು. ಬೀದಿಯ ಮಕ್ಕಳಿಗೆ ರೈಲು ತಾತ. ಮನೆಯವರು ಕೇಳಿಕೊಂಡದ್ದರಿಂದ ನಿಜ ಹೆಸರು ಬರೆಯುತ್ತಿಲ್ಲ. ಗೊತ್ತಿರಬೇಕಾದವರಿಗೆಲ್ಲ ಗೊತ್ತಿದೆ.

ನಾನು ಮಂಡ್ಯದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟವನು. ಕಬ್ಬಿನ ಗದ್ದೆಯ ಪಂಪ್‌ಸೆಟ್ ಮೋಟರು ಸುಟ್ಟರೆ ನನ್ನ ಹತ್ತಿರ ಬರುತ್ತದೆ. ಒಂದು ದಿನ ಈ ಮನುಷ್ಯ ಬಂದು ಹೆಬ್ಬೆರಳಿನ ತುದಿಯಷ್ಟಿರುವ ಮೋಟರನ್ನು ಮೇಜಿನ ಮೇಲಿಟ್ಟು, "ಇದು ಸುಟ್ಟಿದೆ, ಸುತ್ತಿಕೊಡ್ತೀರಾ?" ಅಂದರು. ಕೂದಲಿಗಿಂತ ಸಣ್ಣ ತಂತಿ. "ಯಾವ ಪಂಪಿಂದು ಸ್ವಾಮಿ ಇದು, ಇರುವೆ ಗದ್ದೆಗೆ ನೀರು ಬಿಡಾಕಾ?" ಅಂತ ನಾನು ನಕ್ಕೆ. ಅವರು ನಗಲಿಲ್ಲ. "ನಂಜನಗೂಡು ಪ್ಯಾಸೆಂಜರ್ದು" ಅಂದರು. ಆಮೇಲೆ ಆ ಮನೆಗೆ ಹೋಗದ ಭಾನುವಾರಗಳೇ ನನಗೆ ಕಡಿಮೆ.

ಮಾದರಿ ರೈಲು ಎಂದರೆ ಅಂಗಡಿಯಿಂದ ತಂದು ಕೀಲಿ ಕೊಟ್ಟು ಬಿಡುವ ಆಟಿಕೆ ಎಂದುಕೊಂಡವರಿಗಾಗಿ ಸ್ವಲ್ಪ ಲೆಕ್ಕ ಹೇಳಬೇಕು. ಪ್ರಪಂಚದಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಅಳತೆ ಎಚ್‌ಒ, ಅಂದರೆ ನಿಜದ 87ರಲ್ಲಿ ಒಂದು ಪಾಲು. ಅದರ ಹಳಿಗಳ ನಡುವಿನ ಅಂತರ 16.5 ಮಿ.ಮೀ.; ಯುರೋಪು, ಅಮೆರಿಕಗಳ 1435 ಮಿ.ಮೀ. ಹಳಿಯನ್ನು ಕುಗ್ಗಿಸಿದರೆ ಅಷ್ಟು ಬರುತ್ತದೆ. ಜರ್ಮನಿಯ ಎಂಜಿನು ಬೇಕೆ, ಅಮೆರಿಕದ ಗೂಡ್ಸು ಬೇಕೆ, ದುಡ್ಡಿದ್ದರೆ ಡಬ್ಬಿಯಲ್ಲಿ ಸಿಗುತ್ತದೆ. ನಮ್ಮ ಬ್ರಾಡ್‌ಗೇಜು 1676 ಮಿ.ಮೀ., ಮೀಟರ್‌ಗೇಜು ಸರಿಯಾಗಿ 1000. ಎರಡಕ್ಕೂ ಆ ಹಳಿ ಹೊಂದುವುದಿಲ್ಲ. ಸಾವಿರವನ್ನು 87ರಿಂದ ಭಾಗಿಸಿದರೆ ಹನ್ನೊಂದೂವರೆ ಮಿ.ಮೀ.ಗೆ ಹತ್ತಿರ, ಅದಕ್ಕೆ ಸಮೀಪದ್ದು ಟಿಟಿ ಎಂಬ ಇನ್ನೊಂದು ಅಳತೆಯವರ 12 ಮಿ.ಮೀ. ಹಳಿ. ರಾಯರು ಶುರು ಮಾಡಿದ್ದು ಅಲ್ಲಿಂದ. ಆಗಿನ ಪೂರ್ವ ಜರ್ಮನಿಯಲ್ಲಿ ಟಿಟಿ ರೈಲುಗಳು ತಯಾರಾಗುತ್ತಿದ್ದವು. ಯಾರದೋ ಬಂಧು ತಂದುಕೊಟ್ಟ ಒಂದು ಎಂಜಿನಿನ ಮೇಲ್ಭಾಗ ಕಿತ್ತು ಬಿಸಾಡಿ, ಗಾಲಿ ಮತ್ತು ಮೋಟರು ಮಾತ್ರ ಇಟ್ಟುಕೊಂಡು, ಅದರ ಮೇಲೆ ನಮ್ಮ ವೈಪಿ ಎಂಜಿನನ್ನು ಕಟ್ಟಿದರು.

ವೈಪಿ ಎಂದರೆ ನಿಮಗೆ ಹೇಳಬೇಕಿಲ್ಲ. ಉಳಿದವರಿಗೆ ಹೇಳುತ್ತೇನೆ. ಮುಂದೆ ನಾಲ್ಕು ಸಣ್ಣ ಗಾಲಿ, ನಡುವೆ ಆರು ದೊಡ್ಡವು, ಹಿಂದೆ ಎರಡು; ಮೀಟರ್‌ಗೇಜಿನ ಪ್ಯಾಸೆಂಜರ್ ರೈಲುಗಳಿಗೆಂದು ಮಾಡಿದ ಕಲ್ಲಿದ್ದಲಿನ ಎಂಜಿನು, ಬಹುಪಾಲು ಜಮ್‌ಶೆಡ್‌ಪುರದಲ್ಲಿ ತಯಾರಾದದ್ದು. ದೊಡ್ಡ ಗಾಲಿಯ ವ್ಯಾಸ ನಾಲ್ಕೂವರೆ ಅಡಿ. ಮಾದರಿಯಲ್ಲಿ ಅದು ಹದಿನಾರು ಮಿ.ಮೀ.ಗೆ ಕೂದಲೆಳೆಯಷ್ಟು ಕಡಿಮೆ ಬರಬೇಕು. ಬಾಯ್ಲರಿಗೆ ಕಿಟಕಿ ಪರದೆ ಹಾಕುವ ಮುಕ್ಕಾಲಿಂಚಿನ ಹಿತ್ತಾಳೆ ಕೊಳವೆ. ನೆತ್ತಿಯ ಗುಬುಟಿಗೆ ಸೈಕಲ್ ವಾಲ್ವಿನ ಭಾಗ. ಉಳಿದದ್ದು ತಗಡು, ಬೆಸುಗೆ, ಅರ. ಚಾಲಕನ ಗೂಡಿನ ಹಿಡಿಕೆಯನ್ನು ಅವರು ನಾಲ್ಕು ಸಲ ಬಿಚ್ಚಿ ಮತ್ತೆ ಕೂರಿಸಿದರು. ಭೂತಗನ್ನಡಿಯಿಲ್ಲದೆ ಯಾರಿಗೂ ಕಾಣದ ಹಿಡಿಕೆ. ಯಾಕೆ ರಾಯರೇ ಅಂದರೆ, "ಡ್ರೈವರಿಗೆ ಕೈಗೆ ಸಿಗಬೇಡವೇನಯ್ಯಾ?"

ಅಳತೆ ಎಲ್ಲಿಂದ ಬರುತ್ತಿತ್ತು? ನಿಮ್ಮ ವಸ್ತುಸಂಗ್ರಹಾಲಯದಿಂದಲೇ. 1979ರಲ್ಲಿ ಅದು ತೆರೆದಾಗಿನಿಂದ ಅಲ್ಲಿನ ಮೀಟರ್‌ಗೇಜ್ ಎಂಜಿನುಗಳ ಸುತ್ತ ಟೇಪು, ಪೆನ್ಸಿಲು, ಗ್ರಾಫ್ ಪುಸ್ತಕ ಹಿಡಿದು ಓಡಾಡಿದವರು ಅವರು. 1899ರ ಮಹಾರಾಣಿಯವರ ಸಲೂನು, ರಸ್ತೆಯ ಕಾರಿಗೆ ರೈಲುಗಾಲಿ ಹಾಕಿದ ಆಸ್ಟಿನ್, ಎಲ್ಲವನ್ನೂ ಮೊಳೆ ಮೊಳೆ ಬಿಡದೆ ಎಣಿಸಿ ಬರೆದುಕೊಂಡಿದ್ದಾರೆ. ಕಾವಲಿಗಿದ್ದವರು ಮೊದಮೊದಲು ಗದರಿದರಂತೆ. ಆಮೇಲೆ ಅವರೇ ಟೇಪಿನ ಇನ್ನೊಂದು ತುದಿ ಹಿಡಿಯುತ್ತಿದ್ದರಂತೆ. ಹಾಗಾಗಿ ಈ ಮಾದರಿ ನಿಮ್ಮಲ್ಲಿಗೆ ಬಂದರೆ ಹುಟ್ಟಿದ ಮನೆಗೇ ಬಂದ ಹಾಗೆ.

ಇನ್ನು ಲೈನು. ಬರದ ಪರಿಹಾರ ಕಾಮಗಾರಿಯಾಗಿ ಶುರುವಾದ ಬೆಂಗಳೂರಿನ ಮೀಟರ್‌ಗೇಜು 1882ರಲ್ಲಿ ಮೈಸೂರು ತಲುಪಿತು, 1891ರಲ್ಲಿ ನಂಜನಗೂಡಿನ ಕಡೆಗೆ ಮುಂದುವರಿಯಿತು, ಚಾಮರಾಜನಗರಕ್ಕೆ ಹೋಗಲು 1926 ಆಯಿತು. ನಂಜನಗೂಡಿನವರೆಗೆ ಸುಮಾರು 25 ಕಿ.ಮೀ. ಅಷ್ಟನ್ನೂ ಅಳತೆ ಬಿಡದೆ ಕಟ್ಟಬೇಕೆಂದರೆ 280 ಮೀಟರಿಗೂ ಉದ್ದದ ನಡುಮನೆ ಬೇಕು. ಅರಮನೆಯಲ್ಲೂ ಕಷ್ಟ. ಆದ್ದರಿಂದ ಅವರು ನಡುವಿನ ಹೊಲಗದ್ದೆಯನ್ನು ಬಿಟ್ಟು, ಚಾಮರಾಜಪುರಂ, ಅಶೋಕಪುರಂ, ಕಡಕೊಳ, ಕೊನೆಗೆ ಕಪಿಲೆಯ ಮೇಲಿನ ಸೇತುವೆ, ಇಷ್ಟನ್ನು ಆಯ್ದುಕೊಂಡರು.

ಸೇತುವೆ ಒಂದೇ ಎಂಟಡಿಗಿಂತ ಉದ್ದ. ನೋಡಿದವರಿಗೆ ನೆನಪಿರುತ್ತದೆ: 1735ರದೆಂದು ಹೇಳುವ ಆ ಕಲ್ಲು ಸೇತುವೆಯ ಮೇಲೆ ಒಂದು ಪಕ್ಕ ರಸ್ತೆ, ಒಂದು ಪಕ್ಕ ರೈಲು. ಎತ್ತಿನ ಗಾಡಿಯವನು ಬೀಡಿ ಹಚ್ಚಿಕೊಂಡು ಪಕ್ಕದಲ್ಲೇ ಬರುವ ರೈಲಿನ ಕಿಟಕಿಯ ಜನರನ್ನು ನೋಡುತ್ತ ಹೋಗಬಹುದಾಗಿತ್ತು. ರಾಯರು ಕಮಾನುಗಳನ್ನು ಪ್ಲಾಸ್ಟರ್ ಆಫ್ ಪ್ಯಾರಿಸಿನಲ್ಲಿ ಎರಕ ಹೊಯ್ದು, ಕಲ್ಲಿನ ಸಂದುಗಳನ್ನು ಒಂದೊಂದಾಗಿ ಹೊಲಿಗೆ ಸೂಜಿಯಲ್ಲಿ ಗೀರಿದ್ದಾರೆ. ಗಾಡಿಯವನೂ ಇದ್ದಾನೆ, ಎರಡು ಸೆಂಟಿಮೀಟರ್ ಎತ್ತರ.

ಹಳಿಯ ಕೆಳಗೆ ಹಾಸುವ ಜಲ್ಲಿಯ ವಿಷಯ ಹೇಳದಿದ್ದರೆ ನಮ್ಮ ಬಳಗದವರು ನನ್ನನ್ನು ಬಿಡುವುದಿಲ್ಲ. ಮಂಡ್ಯದವನಾದ ನಾನು ರಾಗಿ ಹಾಕೋಣ ಅಂದಿದ್ದೆ. ಅವರು ಒಂದು ಕಾಳನ್ನು ಹಳಿಯ ಪಕ್ಕ ಇಟ್ಟು, "ನೋಡಿಲ್ಲಿ, ನಿಜದ ಲೆಕ್ಕದಲ್ಲಿ ಇದು ತೆಂಗಿನಕಾಯಿ ಗಾತ್ರದ ಕಲ್ಲು. ಜೊತೆಗೆ ಇರುವೆ ಬರುತ್ತೆ" ಅಂದರು. ಎರಡಂಗುಲದ ಜಲ್ಲಿ 87ರಲ್ಲಿ ಒಂದು ಪಾಲಾದರೆ ಅರ್ಧ ಮಿ.ಮೀ.ಗಿಂತ ಚೂರು ದೊಡ್ಡದು. ಚಿರೋಟಿ ರವೆ ಅಳತೆಗೆ ಸರಿಹೋಗುತ್ತಿತ್ತು, ಹುಳು ಬೀಳುವ ಭಯ. ಕೊನೆಗೆ ಕಲ್ಲು ಕ್ವಾರಿಯಿಂದ ದೂಳು ತಂದು, ಟೀ ಸೋಸುವ ಜಾಲರಿಯಲ್ಲಿ ಎರಡು ಬಾರಿ ಜರಡಿ ಹಿಡಿದು, ತೆಳು ಮಾಡಿದ ಫೆವಿಕಾಲನ್ನು ಕಣ್ಣಿಗೆ ಔಷಧಿ ಬಿಡುವ ಡ್ರಾಪರಿನಲ್ಲಿ ಬಿಟ್ಟು ಕೂರಿಸಿದರು. ತಂತಿಕಂಬಗಳೆಲ್ಲ ಮಸಿ ಹಚ್ಚದ ಬರೀ ಊದುಬತ್ತಿ ಕಡ್ಡಿ. ಕಬ್ಬಿನ ಗದ್ದೆ ಹಂಚಿಕಡ್ಡಿ ಪೊರಕೆಯದು. ಹುಲ್ಲು, ಬಣ್ಣ ಹಾಕಿ ಒಣಗಿಸಿದ ಮರದ ಹೊಟ್ಟು.

ಇಷ್ಟೆಲ್ಲ ಆದಮೇಲೂ ಅದು ನೋಡುವ ವಸ್ತು ಅಂತ ಅವರು ಒಪ್ಪುತ್ತಿರಲಿಲ್ಲ. ಅದು ನಡೆಸುವ ವಸ್ತು. ಒಂಟಿ ಹಳಿಯ ಲೈನಿನಲ್ಲಿ ಎದುರುಬದುರು ರೈಲು ಬರದಂತೆ ಕಾಯುತ್ತಿದ್ದದ್ದು ಟೋಕನ್. ಎರಡು ಸ್ಟೇಷನ್ನಿನಲ್ಲಿ ಒಂದಕ್ಕೊಂದು ತಂತಿ ಕಟ್ಟಿದ ಪೆಟ್ಟಿಗೆ. ಆಚೆ ಸ್ಟೇಷನ್ ಮಾಸ್ಟರ್ ಒಪ್ಪಿಗೆ ಕೊಡದೆ ಈಚೆ ಪೆಟ್ಟಿಗೆಯಿಂದ ಉಕ್ಕಿನ ಗುಂಡು ಹೊರಬರುವುದಿಲ್ಲ, ಒಂದು ಗುಂಡು ಹೊರಗಿದ್ದರೆ ಇನ್ನೊಂದು ಬರುವುದಿಲ್ಲ. ಗುಂಡನ್ನು ಚೀಲದಲ್ಲಿ ಹಾಕಿ ಬೆತ್ತದ ಬಳೆಗೆ ಕಟ್ಟಿ ಡ್ರೈವರ್ ಕೈಗೆ ಎಟುಕಿಸುತ್ತಿದ್ದರು. ರಾಯರು ಇದನ್ನು ಎರಡು ಹಳೇ ಟೀ ಡಬ್ಬಿ, ರಿಲೇ ಮತ್ತು ಸೈಕಲ್ ಬೇರಿಂಗಿನ ಗುಂಡುಗಳಲ್ಲಿ ಮಾಡಿದ್ದರು. ಗುಂಡು ಕೈಗೆ ಬಾರದೆ ಹಳಿಗೆ ಕರೆಂಟೇ ಬರದು. ಬೀದಿಯ ಮಕ್ಕಳು ಸ್ಟೇಷನ್ ಮಾಸ್ಟರುಗಳು. ಅಶೋಕಪುರಂ ಹುಡುಗಿ ಗಂಟೆ ಒತ್ತಬೇಕು, ಚಾಮರಾಜಪುರಂ ಹುಡುಗ ಉತ್ತರ ಕೊಡಬೇಕು, ಆಮೇಲೆ ಸಿಗ್ನಲ್ಲಿನ ಕೈಮರ ಬೀಳಬೇಕು, ಆಮೇಲೆ ರೈಲು.

ಒಮ್ಮೆ ಒಬ್ಬ ಪೋರ ತಂತಿ ಅಡ್ಡ ಕೊಟ್ಟು, ಟೋಕನ್ ಇಲ್ಲದೆ ಗೂಡ್ಸ್ ಬಿಟ್ಟು, ಎದುರಿಂದ ಬರುತ್ತಿದ್ದ ಪ್ಯಾಸೆಂಜರಿಗೆ ಗುದ್ದಿಸಿದ. ಎಂಜಿನು ಮೇಜಿನಿಂದ ಕೆಳಗೆ ಬಿದ್ದು ಮುಂದಿನ ಗಾಲಿ ಸೊಟ್ಟಗಾಯಿತು. ನಾವೆಲ್ಲ ಉಸಿರು ಹಿಡಿದೆವು. ರಾಯರು ದನಿ ಏರಿಸದೆ, "ವಿಚಾರಣೆ ಆಗಬೇಕು" ಅಂದರು. ಕುರ್ಚಿ ಹಾಕಿಸಿದರು. ಇಬ್ಬರು ಸ್ಟೇಷನ್ ಮಾಸ್ಟರುಗಳು, ಗೇಟ್‌ಮನ್, ಕೊನೆಗೆ ಅಡಿಗೆಮನೆಯಿಂದ ಬಂದಿದ್ದ ಅವರ ಮನೆಯವರು, ಎಲ್ಲರಿಂದ ಲಿಖಿತ ಹೇಳಿಕೆ. ಆ ಪೋರ ಒಂದೂವರೆ ಪುಟ ಬರೆದ. ತೀರ್ಪು ಹೀಗೆ ಬಂತು: ಅಪರಾಧಿ ಒಂದು ತಿಂಗಳು ವರ್ಕ್‌ಶಾಪಿನಲ್ಲಿ ಕೆಲಸ ಮಾಡತಕ್ಕದ್ದು. ಅವನು ಆ ತಿಂಗಳಲ್ಲಿ ಬೆಸುಗೆ ಹಾಕಲು ಕಲಿತ. ಇವತ್ತು ಈ ಮಾದರಿಯ ವೈರಿಂಗು ಪೂರ್ತಿ ಗೊತ್ತಿರುವವನು ಅವನೊಬ್ಬನೇ. ನೀವು ಕೋಣೆ ಕೊಟ್ಟರೆ ಅದನ್ನು ಜೋಡಿಸುವವನೂ ಅವನೇ.

ನವರಾತ್ರಿ ಬಂದರೆ ಆ ಮನೆಗೆ ಸಂಜೆ ಹೊತ್ತು ಕಾಲಿಡಲು ಜಾಗ ಇರುತ್ತಿರಲಿಲ್ಲ. ಬೊಂಬೆ ಕೂರಿಸುವುದು ಮೈಸೂರಿನ ಅನೇಕ ಮನೆಗಳಲ್ಲಿ ಉಂಟು. ಇಲ್ಲಿ ರಾಯರ ಮನೆಯ ಅಮ್ಮನವರು ಕಟ್ಟಿದ ಒಂಬತ್ತು ಮೆಟ್ಟಿಲ ಕೆಳಗೆ ರಾಯರ ಸುರಂಗ. ಪಟ್ಟದ ಬೊಂಬೆಗಳ ಅಡಿಯಿಂದ ರೈಲು ಹೊಗೆಯಾಡದಿದ್ದರೂ ಕೂಗಿಕೊಂಡು ಹೊರಬರುತ್ತಿತ್ತು. ಭಾರದ ಗೂಡ್ಸು ಹೋದಾಗ ಮೆಟ್ಟಿಲು ನಡುಗಿ ರಾಜನ ಪೇಟ ಓಲಾಡುತ್ತದೆ ಎಂದು ಅಮ್ಮನವರು ತಕರಾರು ಎತ್ತಿದರು. ಆವತ್ತಿನಿಂದ ಸಂಜೆ ಆರರಿಂದ ಎಂಟರವರೆಗೆ ಗೂಡ್ಸ್ ರೈಲುಗಳಿಗೆ ನಿಷೇಧ ಎಂದು ವೇಳಾಪಟ್ಟಿಯಲ್ಲೇ ಅಚ್ಚಾಯಿತು. ಬೊಂಬೆ ಬಾಗಿನದ ಚಕ್ಕುಲಿ, ಕೊಬ್ಬರಿ ಮಿಠಾಯಿಯನ್ನು ವ್ಯಾಗನ್ನಿನಲ್ಲಿ ಇಟ್ಟು ಕಳಿಸಬೇಕೆಂದು ಮಕ್ಕಳ ಬೇಡಿಕೆ ಇತ್ತು. 12 ಮಿ.ಮೀ. ಹಳಿಯ ಮೇಲೆ ಒಂದು ಕಡಲೆಬೀಜಕ್ಕಿಂತ ಹೆಚ್ಚು ಭಾರ ತಡೆಯುವುದಿಲ್ಲ ಎಂದು ರಾಯರು ಲಿಖಿತವಾಗಿ ತಿರಸ್ಕರಿಸಿದರು.

ಇಂಥವರು ಮೀಟರ್‌ಗೇಜ್ ಹೋದದ್ದಕ್ಕೆ ಕಣ್ಣೀರು ಹಾಕಿರಬೇಕು ಅನ್ನಿಸುತ್ತದೆ. ನಾವು ಹಾಕಿದ್ದೆವು. ಲೈನು ಮುಚ್ಚುತ್ತಾರೆ ಎಂದಾಗ ಬಳಗದ ಕೆಲವರು ಮನವಿ ಬರೆಯಲು ಹೊರಟರು. ರಾಯರು ಸಹಿ ಹಾಕಲಿಲ್ಲ. "ಚಾಮರಾಜನಗರದವರು ಬೆಂಗಳೂರಿಗೆ ಹೋಗಬೇಕಾದರೆ ಮೈಸೂರಲ್ಲಿ ಇಳಿದು ರೈಲು ಬದಲಾಯಿಸಬೇಕು. ನಮ್ಮ ಚಂದಕ್ಕೆ ಅವರು ಗಂಟುಮೂಟೆ ಹೊರಬೇಕಾ?" ಅಂದರು. ನನಗೆ ಆವತ್ತು ಕೋಪ ಬಂದಿತ್ತು, ಆ ಹಳೇ ಸೇತುವೆಯ ಮೇಲೆ ರೈಲು ಓಡುವುದು ನಿಂತದ್ದರ ಸಂಕಟ ಇವತ್ತಿಗೂ ಇದೆ. ಆದರೂ ಹಳತನ್ನು ಅಷ್ಟು ಪ್ರೀತಿಸಿ ಹೊಸದನ್ನು ಹಳಿಯದವರನ್ನು ನಾನು ಬೇರೆ ನೋಡಿಲ್ಲ. ಶ್ರೀರಂಗಪಟ್ಟಣದಲ್ಲಿ ಜೋಡಿ ಹಳಿಗೆ ಅಡ್ಡವಿದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು 2017ರಲ್ಲಿ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರಲ್ಲ, ಅದನ್ನು ನೋಡಿ ಬಂದು ವಾರವಿಡೀ ಅದೇ ಮಾತು. "ಕೆಡವಲಿಲ್ಲ, ರೈಲನ್ನೂ ನಿಲ್ಲಿಸಲಿಲ್ಲ, ನೋಡು!"

ದುಡ್ಡಿನ ವಿಷಯದಲ್ಲಿ ಮಾತ್ರ ಅವರು ಪೂರಾ ದಡ್ಡರು. ಚೆನ್ನೈಯಿಂದ, ಪುಣೆಯಿಂದ, ಬೆಂಗಳೂರಿನಿಂದ ಯಾರೇ ವೈಪಿಯ ನಕ್ಷೆ ಕೇಳಿದರೂ ಗ್ರಾಫ್ ಹಾಳೆಯಲ್ಲಿ ಕೈಯಾರೆ ಬರೆದು ಅಂಚೆಯಲ್ಲಿ ಕಳಿಸುತ್ತಿದ್ದರು. ಅಂಚೆ ಖರ್ಚು ಕೊಡುತ್ತೇವೆಂದರೆ, "ಎರಡು ಜೊತೆ ಗಾಲಿ ಸಿಕ್ಕರೆ ಕಳಿಸಿ" ಅನ್ನುವರು. ಹಾಗೆ ಬಂದ ಗಾಲಿಗಳು ಅರ್ಧ ಇನ್ನೊಬ್ಬರ ಪಾಲಾಗುತ್ತಿದ್ದವು. ಒಬ್ಬ ರೆಸಾರ್ಟ್ ಮಾಲೀಕರು ಬಂದು ಇಡೀ ಲೈನಿಗೆ ಒಳ್ಳೆಯ ಬೆಲೆ ಕಟ್ಟಿದರು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಸ್ವಾಗತ ಕೋಣೆಯಲ್ಲಿ ಇಡುತ್ತಾರಂತೆ. ರಾಯರು ಕಾಫಿ ಕೊಟ್ಟು ಕಳಿಸಿದರು.

ಈಗ ಕೆಲಸದ ಮಾತು. ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ತಿರುಗಿದವರು ಆದ್ದರಿಂದ ಅವರು ಇದನ್ನು ನಾಲ್ಕಡಿ, ಎರಡಡಿಯ ಪ್ಲೈವುಡ್ ತುಂಡುಗಳಾಗಿ ಕಟ್ಟಿ ಬೋಲ್ಟಿನಲ್ಲಿ ಸೇರಿಸಿದ್ದಾರೆ. ಒಂದು ಟೆಂಪೊ ಸಾಕು, ಗಾರೆ ಒಡೆಯಬೇಕಿಲ್ಲ. ಸಾಗಣೆ ಖರ್ಚು ನಮ್ಮದು. ಬೇಕಾದದ್ದು ಸುಮಾರು ಇಪ್ಪತ್ತಡಿ, ಹನ್ನೆರಡಡಿಯ ಕೋಣೆ, ಸೋರದ ಮಾಡು, ನೇರ ಬಿಸಿಲು ಬೀಳದ ಕಿಟಕಿ, ಒಂದು ಪ್ಲಗ್ ಪಾಯಿಂಟು. ಹಳಿಗೆ ಹೋಗುವುದು 12 ವೋಲ್ಟ್ ಡಿಸಿ, ಮಗು ಮುಟ್ಟಿದರೂ ಏನೂ ಆಗದು. ಮನೆಯವರು ಮಾದರಿಯನ್ನೂ ಅಳತೆ ಪುಸ್ತಕಗಳನ್ನೂ ಉಚಿತವಾಗಿ ಬರೆದುಕೊಡಲು ಸಿದ್ಧರಿದ್ದಾರೆ.

ಒಂದೇ ಷರತ್ತು, ಅದು ಓಡಬೇಕು. ಇದು ಬರೀ ಭಾವುಕತೆಯ ಮಾತಲ್ಲ ಸ್ವಾಮಿ. ಗಾಲಿ ಕರೆಂಟನ್ನು ಹಳಿಯಿಂದಲೇ ಹೀರಬೇಕು. ಹಳಿ ಓಡಾಟವಿಲ್ಲದೆ ಬಿದ್ದಿದ್ದರೆ ಮೇಲೆ ಪೊರೆ ಕಟ್ಟುತ್ತದೆ, ದೂಳು ಕೂರುತ್ತದೆ, ಕರೆಂಟು ಹರಿಯುವುದಿಲ್ಲ. ಮೋಟರಿನ ಎಣ್ಣೆ ಗಟ್ಟಿಯಾಗಿ ಅಂಟಾಗುತ್ತದೆ. ಎರಡು ಮಳೆಗಾಲ ಗಾಜಿನೊಳಗೆ ಇಟ್ಟರೆ ಆಮೇಲೆ ಯಾರು ಬಂದರೂ ಅದನ್ನು ಎಬ್ಬಿಸಲಾರರು. ಮೋಟರಿನ ಕೆಲಸವೇ ಹೊಟ್ಟೆಪಾಡಾದ ನಾನು ಹೇಳುತ್ತಿದ್ದೇನೆ. ಗುಂಡಿ ಒತ್ತಿದರೆ ಒಂದು ಸುತ್ತು ಹೊಡೆದು ನಿಲ್ಲುವ ವ್ಯವಸ್ಥೆಯೂ ಬೇಡ. ರಜೆಯ ದಿನ ನೂರು ಮಕ್ಕಳು ನೂರು ಸಲ ಒತ್ತಿದರೆ ಆ ಪುಟ್ಟ ಮೋಟರು ತಿಂಗಳು ಬಾಳದು. ಶನಿವಾರ ಮಧ್ಯಾಹ್ನ ನಮ್ಮಲ್ಲಿ ಇಬ್ಬರು ಬರುತ್ತೇವೆ. ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಹಳಿ ಒರೆಸುತ್ತೇವೆ, ಬಂದ ಮಕ್ಕಳಲ್ಲಿ ನಾಲ್ವರನ್ನು ಸ್ಟೇಷನ್ ಮಾಸ್ಟರ್ ಮಾಡಿ ಟೋಕನ್ ಕೊಟ್ಟು ರೈಲು ಬಿಡುತ್ತೇವೆ. ನಮಗೆ ಸಂಬಳ ಬೇಡ. ಟಿಕೆಟ್ಟಿಲ್ಲದೆ ಒಳಗೆ ಬಿಟ್ಟರೆ ಸಾಕು. ಅದೂ ಆಗದು ಅಂದರೆ ಟಿಕೆಟ್ ಕೊಂಡೇ ಬರುತ್ತೇವೆ.

ಪುಣೆಯಲ್ಲಿ ಜೋಶಿಯವರು ತಮ್ಮ ಹುಚ್ಚಿನಿಂದ ಕಟ್ಟಿದ ಪುಟಾಣಿ ರೈಲುಗಳ ಸಂಗ್ರಹಾಲಯವನ್ನು ಜನ ಇವತ್ತಿಗೂ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಅದಕ್ಕೊಂದು ಕುಟುಂಬದ ಬಲವಿತ್ತು. ರಾಯರ ಮಗ ದೂರದ ಊರಿನಲ್ಲಿ ಎರಡು ಕೋಣೆಯ ಫ್ಲಾಟಿನಲ್ಲಿದ್ದಾನೆ. ಅವನನ್ನು ದೂರಲಾಗದು. ನಿಮ್ಮಲ್ಲಿ ಜಾಗ ಇಲ್ಲವೆಂದಾದರೆ ಬೇಗ ತಿಳಿಸಿ. ಮೈಸೂರಿನ ಯಾವುದಾದರೂ ಶಾಲೆಯವರು, ಕಾಲೇಜಿನವರು ಇದೇ ಷರತ್ತಿಗೆ ಒಪ್ಪುವುದಾದರೆ ಅವರ ಮನೆ ಬಾಗಿಲಿಗೂ ಹೋಗುತ್ತೇವೆ.

ಕೊನೆಗೆ ಸಾರ್ವಜನಿಕರಲ್ಲಿ ಒಂದು ಮಾತು. ಮಾದರಿಯಲ್ಲಿ ಕಡಕೊಳ ಸ್ಟೇಷನ್ನಿನ ಜಾಗದಲ್ಲಿ ಈಗಲೂ ಒಂದು ಬಿಳೀ ರಟ್ಟಿನ ಡಬ್ಬಿ ಇದೆ. ಉಳಿದ ಕಟ್ಟಡಗಳಿಗೆಲ್ಲ ಫೋಟೊ, ಅಳತೆ ಸಿಕ್ಕಿತು, ಇದಕ್ಕೆ ಸಿಗಲಿಲ್ಲ. ಎಷ್ಟೋ ಸಲ ಆ ಪ್ಲಾಟ್‌ಫಾರಮ್ಮಿನಲ್ಲಿ ಇಳಿದು ಹತ್ತಿದವರಾದರೂ ನೆನಪಿನಿಂದ ಕಟ್ಟಲು ರಾಯರು ಒಪ್ಪಲಿಲ್ಲ. ಕಂಬ ಎಷ್ಟಿತ್ತು, ಗೋಡೆಗೆ ಸುಣ್ಣವೋ ಕಾವಿಯೋ, ಹೆಸರಿನ ಫಲಕ ಯಾವ ಕಡೆಗಿತ್ತು ಎಂದು ನಾವು ಜಗಳವಾಡುತ್ತಿದ್ದರೆ, "ಚಿತ್ರ ತನ್ನಿ, ಆಮೇಲೆ ಮಾತು" ಎಂದು ಎದ್ದು ಹೋಗುವರು. ಮೀಟರ್‌ಗೇಜ್ ಕಾಲದಲ್ಲಿ ಕಡಕೊಳದಲ್ಲಿ ಕೆಲಸ ಮಾಡಿದವರು, ಅಲ್ಲಿಂದ ದಿನಾ ಕಾಲೇಜಿಗೆ ಬಂದವರು, ಮದುವೆ ದಿಬ್ಬಣದ ಜೊತೆ ಅಲ್ಲಿ ನಿಂತು ಫೋಟೊ ತೆಗೆಸಿಕೊಂಡವರು ಇದ್ದೇ ಇರುತ್ತಾರೆ. ಹಿಂದೆ ಸ್ಟೇಷನ್ನಿನ ಒಂದು ಮೂಲೆ ಕಂಡರೂ ಸಾಕು. ಆಲ್ಬಮ್ಮಿನಿಂದ ಕೀಳಬೇಡಿ, ಹೇಳಿ ಕಳಿಸಿದರೆ ನಾವೇ ಬಂದು ಮೊಬೈಲಿನಲ್ಲಿ ತೆಗೆದುಕೊಂಡು ಹೋಗುತ್ತೇವೆ. ಕಟ್ಟಲು ಆ ಹುಡುಗ ಕಾಯುತ್ತಿದ್ದಾನೆ, ತಗಡು ರಟ್ಟು ಎಲ್ಲ ತಂದಿಟ್ಟುಕೊಂಡಿದ್ದಾನೆ.

ಇಂತಿ,
ರಾಯರ ಗೆಳೆಯರ ಬಳಗದ ಪರವಾಗಿ,
ಮಂಡ್ಯದ ಒಬ್ಬ ಮೋಟರ್ ವೈಂಡಿಂಗ್ ಕೆಲಸಗಾರ